ಎಂಟು ತೋಟಾಗಳ ರಿವಾಲ್ವರ್

ನನ್ನ ಬಳಿ ಇರುವುದು ಸ್ಮಿತ್ ಅಂಡ್ ವೆಸನ್ ಕಂಪನಿಯ 627ನೇ ಮಾದರಿಯ ರಿವಾಲ್ವರ್. ತುಕ್ಕು ಹಿಡಿಯದ ಉಕ್ಕಿನಿಂದ ಮಾಡಿದ, ಐದು ಅಂಗುಲದ ನಳಿಗೆಯ, ಸುಮಾರು ಒಂದೂಕಾಲು ಕಿಲೋ ತೂಗುವ ಈ ರಿವಾಲ್ವರ್ ಬಂದದ್ದು ಆ ಕಂಪನಿ 1990ರಲ್ಲಿ ಆರಂಭಿಸಿದ ‘ಪರ್ಫಾರ್ಮೆನ್ಸ್ ಸೆಂಟರ್’ ಎಂಬ ವಿಶೇಷ ವಿಭಾಗದಿಂದ. ರಿವಾಲ್ವರ್ ಎಂದೊಡನೆ ನಮಗೆಲ್ಲ ನೆನಪಾಗುವ ಸಂಖ್ಯೆ ಆರು. ಇದರ ತಿರುಗುವ ಸಿಲಿಂಡರಿನಲ್ಲಿ ತೋಟಾ ಕೂರುವ ಎಂಟು ಗೂಡುಗಳಿವೆ. ಏಳು ವರ್ಷಗಳ ಹಿಂದೆ ಅಮೆರಿಕದಲ್ಲಿ ಇದನ್ನು ಕೊಂಡ ದಿನ ಕೊಪ್ಪದ ಹತ್ತಿರದ ನಮ್ಮ ಮನೆಗೆ ಫೋನ್ ಮಾಡಿ ವಿಷಯ ಹೇಳಿದಾಗ ಅಪ್ಪ ಮೊದಲು ಕೇಳಿದ್ದು, "ಎಂಟು ಈಡು ಯಾಕೆ ಮಾರಾಯಾ ನಿಂಗೆ?" ಎಂದು.

ಆ ಪ್ರಶ್ನೆ ಸಹಜವಾದದ್ದೇ. ನಮ್ಮ ಮನೆಯ ಕೋವಿ ಅಜ್ಜನ ಕಾಲದ ಜೋಡು ನಳಿಗೆಯದು; ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದದ್ದು. ತೋಟಕ್ಕೆ ನುಗ್ಗುವ ಮಂಗಗಳನ್ನು ಹೆದರಿಸಲು ವರ್ಷಕ್ಕೆ ನಾಲ್ಕೈದು ತೋಟಾ ಖರ್ಚಾದರೆ ಹೆಚ್ಚು. ಪ್ರತಿ ಚುನಾವಣೆ ಬಂದಾಗ ಮಲೆನಾಡಿನ ಎಲ್ಲ ರೈತರಂತೆ ಅಪ್ಪನೂ ಅದನ್ನು ಗೋಣಿಯಲ್ಲಿ ಸುತ್ತಿಕೊಂಡು ಹೋಗಿ ಪೊಲೀಸ್ ಠಾಣೆಯಲ್ಲಿ ಠೇವಣಿ ಇಟ್ಟು ಬರುತ್ತಾರೆ. ಎರಡು ಈಡುಗಳ ಲೆಕ್ಕದಲ್ಲೇ ಬದುಕು ಕಳೆದವರಿಗೆ ಎಂಟು ಎಂಬುದು ಅತಿಯೆನಿಸಿದ್ದರೆ ಆಶ್ಚರ್ಯವಿಲ್ಲ. ನಾನು ಭಾಗವಹಿಸುವ ಶೂಟಿಂಗ್ ಸ್ಪರ್ಧೆಯ ನಿಯಮ ಎಂಟಕ್ಕೆ ಅವಕಾಶ ಕೊಡುತ್ತದೆ, ಆರು ಇಟ್ಟುಕೊಂಡು ಹೋದರೆ ಹಿಂದೆ ಬೀಳುತ್ತೇನೆ ಎಂದು ನಾನು ಅಂದು ಉತ್ತರಿಸಿದ್ದೆ. ಅದು ನಿಜವೇ ಆಗಿತ್ತು. ಆದರೆ ಈ ಏಳು ವರ್ಷಗಳಲ್ಲಿ ನಾನು ಈ ರಿವಾಲ್ವರಿನಿಂದ ಪಡೆದುಕೊಂಡದ್ದಕ್ಕೂ ಆ ಹೆಚ್ಚಿನ ಎರಡು ತೋಟಾಗಳಿಗೂ ಇರುವ ಸಂಬಂಧ ಬಹಳ ಕಡಿಮೆ. ಅದನ್ನು ವಿವರವಾಗಿ ಬರೆಯಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ.

ಮೊದಲು ಕೊಳ್ಳುವ ವಿಷಯವನ್ನು ಹೇಳಿ ಮುಗಿಸುತ್ತೇನೆ, ಏಕೆಂದರೆ ಇಲ್ಲಿಗೆ ಹೊಸದಾಗಿ ಬಂದ ಕನ್ನಡದ ಹುಡುಗರು ಇದನ್ನು ನನ್ನಲ್ಲಿ ಪದೇ ಪದೇ ಕೇಳುತ್ತಾರೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದ ಮೇಲೆ ಇರುವವರು ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಹೊಂದುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ; ಬೇಟೆಯ ಪರವಾನಗಿ ಇರುವವರಿಗೆ ಎಂಬಂಥ ಕೆಲವೇ ವಿನಾಯಿತಿಗಳಿವೆ. ನಾನು ಗ್ರೀನ್ ಕಾರ್ಡ್ ಕೈಗೆ ಬರುವವರೆಗೂ ಕಾದೆ. ಆಮೇಲೆ ಪರವಾನಗಿ ಪಡೆದ ಅಂಗಡಿಯಲ್ಲಿ 4473ನೇ ನಮೂನೆಯನ್ನು ತುಂಬಿದೆ, ಅಂಗಡಿಯವರು ಎಫ್‌ಬಿಐ ನಡೆಸುವ ಹಿನ್ನೆಲೆ ಪರಿಶೀಲನಾ ವ್ಯವಸ್ಥೆಯಲ್ಲಿ ನನ್ನ ವಿವರಗಳನ್ನು ತಾಳೆ ನೋಡಿದರು, ಒಪ್ಪಿಗೆ ಬಂತು. ಅಂಗಡಿಯಿಂದ ಕೈಬಂದೂಕು ಕೊಳ್ಳಲು 21 ವರ್ಷ ತುಂಬಿರಬೇಕು. ನಾನಿರುವ ಅರಿಜೋನಾದಲ್ಲಿ ಇದಕ್ಕಿಂತ ಹೆಚ್ಚಿನ ಪರವಾನಗಿ ಬೇಕಿಲ್ಲ, ಆದರೆ ಮ್ಯಾಸಚೂಸೆಟ್ಸ್‌ನಂಥ ರಾಜ್ಯಗಳಲ್ಲಿ ಬೇಕು. ಆದ್ದರಿಂದ ಒಂದು ರಾಜ್ಯದ ಗೆಳೆಯ ಹೇಳಿದ್ದನ್ನು ಇನ್ನೊಂದು ರಾಜ್ಯದಲ್ಲಿ ನಂಬಿ ಹೊರಡಬಾರದು. ನಾನು ಕೊಂಡದ್ದು ಒಬ್ಬರು ಬಳಸಿ ಮಾರಿದ್ದನ್ನು; 1,150 ಡಾಲರ್ ಕೊಟ್ಟೆ.

ಎಂಟು ಗೂಡುಗಳು ಹೇಗೆ ಹಿಡಿದವು ಎಂಬುದರ ಹಿಂದೆ ಒಂದು ಇತಿಹಾಸವಿದೆ. ಈ ರಿವಾಲ್ವರಿನ ಚೌಕಟ್ಟನ್ನು ಕಂಪನಿಯವರು ‘ಎನ್-ಫ್ರೇಮ್’ ಎನ್ನುತ್ತಾರೆ. ಅದು 1908ರಲ್ಲಿ .44 ಸ್ಪೆಷಲ್ ಎಂಬ ದಪ್ಪ ತೋಟಾಕ್ಕೆಂದು ರೂಪುಗೊಂಡದ್ದು. 1935ರಲ್ಲಿ .357 ಮ್ಯಾಗ್ನಮ್ ಎಂಬ ಹೊಸ ತೋಟಾ ಬಂದಾಗ, ಅದರ ಒತ್ತಡವನ್ನು ತಡೆಯಬಲ್ಲ ಗಟ್ಟಿ ಚೌಕಟ್ಟು ಬೇಕಾಗಿ ಅದೇ ಎನ್-ಫ್ರೇಮನ್ನು ಆರಿಸಿಕೊಂಡರು. ಅಂಥ ಮೊದಲ ರಿವಾಲ್ವರನ್ನು ಆಗಿನ ಎಫ್‌ಬಿಐ ಮುಖ್ಯಸ್ಥ ಜೆ. ಎಡ್ಗರ್ ಹೂವರ್ ಅವರಿಗೆ ಕೊಡಲಾಯಿತು. ದಪ್ಪ ತೋಟಾಕ್ಕೆಂದು ಮಾಡಿದ ಸಿಲಿಂಡರಿನಲ್ಲಿ ತೆಳ್ಳಗಿನ ಆರು ತೋಟಾಗಳು ಕುಳಿತಾಗ, ಗೂಡುಗಳ ನಡುವೆ ಬೇಕಾದುದಕ್ಕಿಂತ ಹೆಚ್ಚು ಉಕ್ಕು ಉಳಿಯಿತು. ಅರವತ್ತು ವರ್ಷಗಳ ನಂತರ, 1990ರ ದಶಕದ ಉತ್ತರಾರ್ಧದಲ್ಲಿ, ಹಾಗೆ ಉಳಿದಿದ್ದ ಉಕ್ಕಿನಲ್ಲಿ ಇನ್ನೆರಡು ಗೂಡುಗಳನ್ನು ಕೊರೆಯಬಹುದೆಂದು ಈ ವಿಶೇಷ ವಿಭಾಗ ತೋರಿಸಿಕೊಟ್ಟಿತು. ಹೆಚ್ಚು ಗುಂಡುಗಳ ರಿವಾಲ್ವರ್ ಎಂಬ ಕಲ್ಪನೆಯಂತೂ ಇದಕ್ಕಿಂತ ಬಹಳ ಹಳೆಯದು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಸೇನಾಧಿಕಾರಿಗಳು ಬಳಸಿದ ಲೆಮಾಟ್ ರಿವಾಲ್ವರಿನಲ್ಲಿ ಒಂಬತ್ತು ಗೂಡುಗಳಿದ್ದವು, ಜೊತೆಗೆ ಮಧ್ಯದಲ್ಲಿ ಚರೆ ಹಾರಿಸುವ ಇನ್ನೊಂದು ನಳಿಗೆಯೂ ಇತ್ತು.

ಗೂಡುಗಳು ಎಂಟಾದಾಗ ಒಳಗಿನ ಯಂತ್ರದ ಕೆಲಸವೂ ಬದಲಾಗುತ್ತದೆ. ಆರರ ಸಿಲಿಂಡರ್ ಪ್ರತಿ ಬಾರಿ 60 ಡಿಗ್ರಿ ತಿರುಗಬೇಕು, ಎಂಟರದ್ದು 45 ಡಿಗ್ರಿ ತಿರುಗಿದರೆ ಸಾಕು. ಟ್ರಿಗರನ್ನು ಎಳೆಯುತ್ತಾ ಹೋದಂತೆ ಒಂದು ಸಣ್ಣ ಕೈಯಂಥ ತುಂಡು ಮೇಲೇರಿ ಸಿಲಿಂಡರಿನ ಹಿಂಬದಿಯ ಹಲ್ಲನ್ನು ನೂಕುತ್ತದೆ; ಸಿಲಿಂಡರ್ ತಿರುಗಿ ಹೊಸ ಗೂಡು ನಳಿಗೆಯ ನೇರಕ್ಕೆ ಬರುತ್ತದೆ; ಕೆಳಗಿನಿಂದ ಒಂದು ಅಗುಳಿ ಮೇಲೆದ್ದು ಅದನ್ನು ಅಲ್ಲೇ ಹಿಡಿದು ನಿಲ್ಲಿಸುತ್ತದೆ; ಇದೆಲ್ಲ ನಡೆಯುವಾಗಲೇ ಹಿಂದೆ ಸರಿಯುತ್ತಿದ್ದ ಹ್ಯಾಮರ್, ನಮ್ಮ ಹಳ್ಳಿಗಳಲ್ಲಿ ಕೋವಿಯ ‘ಕುದುರೆ’ ಎನ್ನುತ್ತಾರಲ್ಲ ಅದು, ಬಿಡುಗಡೆಯಾಗಿ ಮುಂದಕ್ಕೆ ಬೀಳುತ್ತದೆ. ಕುದುರೆ ಬೀಳುವ ಮೊದಲೇ ಅಗುಳಿ ಬಿದ್ದಿರಬೇಕು. ಈ ಕ್ರಮ ಕೂದಲೆಳೆಯಷ್ಟು ತಪ್ಪಿದರೂ ಗುಂಡು ನಳಿಗೆಯ ಬಾಯಿಗೆ ಓರೆಯಾಗಿ ತಾಗಿ ಸೀಸದ ಚೂರುಗಳು ಬದಿಗೆ ಸಿಡಿಯುತ್ತವೆ. ಹಳೆಯ ರಿವಾಲ್ವರನ್ನು ಕೊಳ್ಳುವವರು ನೋಡಬೇಕಾದದ್ದು ಇದನ್ನೇ. ಖಾಲಿ ರಿವಾಲ್ವರಿನ ಸಿಲಿಂಡರಿಗೆ ಹೆಬ್ಬೆರಳನ್ನು ಮೆತ್ತಗೆ ಒತ್ತಿಟ್ಟು, ಟ್ರಿಗರನ್ನು ಬಹಳ ನಿಧಾನವಾಗಿ ಎಳೆಯಬೇಕು. ಎಂಟೂ ಗೂಡುಗಳಲ್ಲಿ ಅಗುಳಿ ಬಿದ್ದ ಸದ್ದು ಕುದುರೆ ಬೀಳುವುದಕ್ಕೆ ಮುಂಚೆ ಕೇಳಿಸಬೇಕು. ನಾನು ಅಂಗಡಿಯಲ್ಲಿ ನಿಂತು ಎರಡು ಸುತ್ತು ಹೀಗೆ ಪರೀಕ್ಷಿಸಿದ ಮೇಲೆಯೇ ಹಣ ಕೊಟ್ಟೆ.

ನಾನು ಅಷ್ಟು ಹಣ ಕೊಟ್ಟಿದ್ದು ಈ ಜೋಡಣೆಗೆ. ಪ್ರತಿ ಗುಂಡಿಗೂ ಟ್ರಿಗರನ್ನೇ ಪೂರ್ತಿ ಎಳೆದು ಹಾರಿಸುವ ‘ಡಬಲ್ ಆಕ್ಷನ್’ ವಿಧಾನದಲ್ಲಿ, ಬೆರಳು ಒಂದೇ ಎಳೆತದಲ್ಲಿ ಸಿಲಿಂಡರನ್ನು ತಿರುಗಿಸಿ, ಕುದುರೆಯನ್ನು ಹಿಂದೆ ತಳ್ಳಿ, ಬಿಡಬೇಕು. ಸಾಮಾನ್ಯ ರಿವಾಲ್ವರಿನಲ್ಲಿ ಈ ಎಳೆತಕ್ಕೆ ಐದೂವರೆ ಕಿಲೋದಷ್ಟು ಬಲ ಬೇಕಾಗುತ್ತದೆ, ಮಧ್ಯೆ ಎಲ್ಲೋ ಕಲ್ಲಿನ ಮೇಲೆ ಎಳೆದಂತೆ ತಡೆಯುತ್ತದೆ. ನನ್ನದರಲ್ಲಿ ಬಲ ಸ್ವಲ್ಪ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಆರಂಭದಿಂದ ಕೊನೆಯವರೆಗೆ ಎಳೆತ ಒಂದೇ ಸಮನಾಗಿದೆ. ಸೇದೆಬಾವಿಯ ಹಗ್ಗ ಎಣ್ಣೆ ಬಿಟ್ಟ ಗಡಗಡೆಯ ಮೇಲೆ ಹರಿದು ಬರುವಾಗ ಕೈಗೆ ಸಿಗುವ ಅನುಭವ ಇದಕ್ಕೆ ಬಹಳ ಹತ್ತಿರದ್ದು.

ಮೊದಲ ಮೂರು ತಿಂಗಳು ನನಗೆ ಗುರಿಯೇ ಸಿಗಲಿಲ್ಲ. ಹದಿನೈದು ಗಜ ದೂರದ ಕಾಗದದಲ್ಲಿ ನನ್ನ ರಂಧ್ರಗಳೆಲ್ಲ ಕೆಳಗೆ, ಎಡಕ್ಕೆ ಚೆದುರಿ ಬೀಳುತ್ತಿದ್ದವು. ನಳಿಗೆಯ ಮೇಲೆ ಗುರಿ ನೋಡಲು ಇರುವ ಸೈಟಿನ ತಿರುಪುಗಳನ್ನು ಅತ್ತಿತ್ತ ತಿರುಗಿಸಿ ನೋಡಿದೆ. ಒಂದು ದಿನ ಬೆನ್ ಆವರಿ ಶೂಟಿಂಗ್ ಕೇಂದ್ರದಲ್ಲಿ ಪಕ್ಕದ ಮೇಜಿನಲ್ಲಿದ್ದ ಹಿರಿಯರೊಬ್ಬರು, ಐದು ಸಜೀವ ತೋಟಾಗಳ ನಡುವೆ, ಹಾರಿಸಿ ಮುಗಿದ ತೋಟಾಗಳ ಮೂರು ಖಾಲಿ ಕೇಸುಗಳನ್ನು ತುಂಬಿ, ನೋಡದೆ ಸಿಲಿಂಡರನ್ನು ತಿರುಗಿಸಿ ಮುಚ್ಚಿ ಹಾರಿಸುವಂತೆ ಸೂಚಿಸಿದರು. ಖಾಲಿ ಕೇಸಿನ ಮೇಲೆ ಕುದುರೆ ಬಿದ್ದಾಗ ಸದ್ದೂ ಇರಲಿಲ್ಲ, ಹಿಂದೊದೆತವೂ ಇರಲಿಲ್ಲ. ಆದರೂ ನಳಿಗೆಯ ತುದಿ ಎರಡು ಅಂಗುಲ ಕೆಳಕ್ಕೆ ಕುಸಿಯಿತು. ಬಾರದ ಒದೆತಕ್ಕೆ ನನ್ನ ಮಣಿಕಟ್ಟು ಮೊದಲೇ ಉತ್ತರ ಕೊಡುತ್ತಿತ್ತು. ತಪ್ಪು ಸೈಟಿನದ್ದಲ್ಲವೆಂದು ತಿಳಿದ ಆ ಕ್ಷಣದಿಂದಲೇ ನನ್ನ ನಿಜವಾದ ಅಭ್ಯಾಸ ಆರಂಭವಾಯಿತು ಎನ್ನಬೇಕು. ಎಂಟು ಗೂಡುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಆರರಲ್ಲಿ ಎರಡು ಖಾಲಿ ಇಟ್ಟರೆ ಮನಸ್ಸು ಹೇಗೋ ಲೆಕ್ಕ ಹಿಡಿದುಬಿಡುತ್ತದೆ. ಎಂಟರಲ್ಲಿ ಮೂರಿದ್ದಾಗ ಯಾವುದು ಯಾವಾಗ ಬರುತ್ತದೆಂದು ಊಹಿಸಲಾಗುವುದಿಲ್ಲ, ಕೊನೆಗೆ ಊಹಿಸುವುದನ್ನೇ ಬಿಡಬೇಕಾಗುತ್ತದೆ.

ಮನೆಯಲ್ಲಿ ಮಾಡುವ ಅಭ್ಯಾಸ ಇನ್ನೂ ಸರಳ. ತೋಟಾಗಳೆಲ್ಲ ಬೇರೆ ಕೋಣೆಯ ಉಕ್ಕಿನ ಪೆಟ್ಟಿಗೆಯಲ್ಲಿ ಬೀಗದೊಳಗಿರುತ್ತವೆ. ಸಿಲಿಂಡರನ್ನು ತೆರೆದು ಎಂಟು ಗೂಡುಗಳನ್ನೂ ಕಣ್ಣಿನಿಂದ ಒಮ್ಮೆ, ಬೆರಳಿನಿಂದ ಒಮ್ಮೆ ಪರೀಕ್ಷಿಸಿ, ಹಿತ್ತಿಲ ಕಡೆಯ ಕಾಂಕ್ರೀಟ್ ಗೋಡೆಗೆ ಮುಖ ಮಾಡಿ ನಿಲ್ಲುತ್ತೇನೆ. ನಕಲಿ ತೋಟಾಗಳನ್ನು ತುಂಬಿ, ಮುಂದಿನ ಸೈಟಿನ ಹಿಂದೆ ನಳಿಗೆಯ ಬೆನ್ನಿನ ಮೇಲೆ ಊರಿನಿಂದ ತಂದ ಒಂದು ರೂಪಾಯಿಯ ನಾಣ್ಯವನ್ನಿಟ್ಟು, ಟ್ರಿಗರನ್ನು ಪೂರ್ತಿ ಎಳೆಯಬೇಕು. ನಾಣ್ಯ ಬೀಳಬಾರದು. ಎಂಟು ಬಾರಿ ಬೀಳದೆ ಉಳಿದರೆ ಒಂದು ಸುತ್ತು. ಮೊದಲ ವಾರದಲ್ಲಿ ಮೂರನೇ ಎಳೆತಕ್ಕೇ ನಾಣ್ಯ ನೆಲದಲ್ಲಿ ಉರುಳುತ್ತಿತ್ತು. ಆರು ಎಳೆತಗಳನ್ನು ಯಾರಾದರೂ ಗಮನವಿಟ್ಟು ಮಾಡಿಯಾರು. ಏಳನೆಯದು ಮತ್ತು ಎಂಟನೆಯದು ಬರುವ ಹೊತ್ತಿಗೆ ಬೆರಳು ದಣಿದಿರುತ್ತದೆ, ಮನಸ್ಸು ಮುಗಿಸುವ ಆತುರದಲ್ಲಿರುತ್ತದೆ, ಮತ್ತು ಆ ಆತುರ ನೇರವಾಗಿ ನಳಿಗೆಯ ತುದಿಗೆ ಹರಿಯುತ್ತದೆ. ಎಂಟು ಯಾಕೆ ಎಂಬ ಅಪ್ಪನ ಪ್ರಶ್ನೆಗೆ ನನ್ನ ಈಗಿನ ಉತ್ತರ ಆ ಕೊನೆಯ ಎರಡು ಎಳೆತಗಳಲ್ಲಿದೆ. ಲೂಸಿಯಾನಾದ ಜೆರಿ ಮಿಕ್ಯುಲೆಕ್ 1999ರಲ್ಲಿ ಇಂಥದೇ ಎಂಟರ ರಿವಾಲ್ವರಿನಿಂದ ಒಂದೇ ಗುರಿಗೆ ಎಂಟು ಗುಂಡುಗಳನ್ನು ಸರಿಯಾಗಿ ಒಂದು ಸೆಕೆಂಡಿನಲ್ಲಿ ಹೊಡೆದರು. ನನಗೆ ಆ ವೇಗ ಈ ಜನ್ಮದಲ್ಲಿ ಬೇಕಾಗಿಲ್ಲ. ಆದರೆ ಆ ಒಂದು ಸೆಕೆಂಡಿನೊಳಗೆ ಎಂಟು ಪೂರ್ಣ ಎಳೆತಗಳಿದ್ದವು, ಒಂದೂ ಅರೆಬರೆಯಾಗಿರಲಿಲ್ಲ ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ತೋಟಾಗಳ ವಿಷಯಕ್ಕೆ ಬರುತ್ತೇನೆ. .357 ಮ್ಯಾಗ್ನಮ್‌ನ ಗೂಡಿನಲ್ಲಿ ಅದಕ್ಕಿಂತ ಮೂರೂವರೆ ಮಿಲಿಮೀಟರಿನಷ್ಟು ಗಿಡ್ಡವಾದ .38 ಸ್ಪೆಷಲ್ ಕೂಡ ಕೂರುತ್ತದೆ, ಮತ್ತು ನಾನು ಹಾರಿಸುವುದರಲ್ಲಿ ಬಹುಪಾಲು ಅದೇ. ಮ್ಯಾಗ್ನಮ್‌ನ ಒತ್ತಡದ ಮಿತಿ .38 ಸ್ಪೆಷಲ್‌ನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಅದರ ಸದ್ದು ಎದೆಗೂಡಿನಲ್ಲಿ ಕೇಳಿಸುತ್ತದೆ, ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿನಿಂದ ಬೆಂಕಿಯ ನಾಲಿಗೆ ಎರಡೂ ಬದಿಗೆ ಚಾಚುತ್ತದೆ. ರೈಫಲ್ ಹಿಡಿಯುವ ಅಭ್ಯಾಸದಲ್ಲಿ ಎಡಗೈ ಬೆರಳನ್ನು ಆ ಸಂದಿನ ಪಕ್ಕ ಇಟ್ಟವರಿಗೆ ಆಳವಾದ ಗಾಯ ಖಚಿತ, ಆದ್ದರಿಂದ ಹೊಸಬರ ಕೈಗೆ ರಿವಾಲ್ವರ್ ಕೊಡುವ ಮೊದಲು ನಾನು ಹೇಳುವ ಮೊದಲ ಮಾತು ಇದು. ಕಿವಿಯೊಳಗೆ ಬಿರಡೆ, ಅದರ ಮೇಲೆ ಇನ್ನೊಂದು ಕವಚ, ಕಣ್ಣಿಗೆ ಕನ್ನಡಕ ಇಲ್ಲದೆ ಯಾರೂ ನನ್ನ ಪಕ್ಕ ನಿಲ್ಲುವುದಿಲ್ಲ. .38 ಸ್ಪೆಷಲ್ ಅನ್ನು ನೂರಾರು ಹಾರಿಸಿದ ಮೇಲೆ ಗೂಡಿನ ಮುಂಭಾಗದಲ್ಲಿ ಇಂಗಾಲದ ಒಂದು ಬಳೆ ಕಟ್ಟುತ್ತದೆ. ಅದನ್ನು ಉಜ್ಜಿ ತೆಗೆಯದೆ ಉದ್ದನೆಯ ಮ್ಯಾಗ್ನಮ್ ತೋಟಾಗಳನ್ನು ಒತ್ತಿ ತುಂಬಬಾರದು.

ಯುಎಸ್‌ಪಿಎಸ್‌ಎ ಎಂಬ ಪ್ರಾಯೋಗಿಕ ಶೂಟಿಂಗ್ ಸಂಘ ತನ್ನ ರಿವಾಲ್ವರ್ ವಿಭಾಗದಲ್ಲಿ 2014ರಿಂದ ಎಂಟು ಗುಂಡುಗಳಿಗೆ ಅವಕಾಶ ಕೊಟ್ಟಿದೆ, ಆದರೆ ‘ಮೈನರ್’ ಎಂಬ ಸೌಮ್ಯ ಶಕ್ತಿಯ ಲೆಕ್ಕದಲ್ಲಿ. ಗ್ರೇನ್ ಎಂಬ ಅಳತೆಯಲ್ಲಿರುವ ಗುಂಡಿನ ತೂಕವನ್ನು ಸೆಕೆಂಡಿಗೆ ಇಷ್ಟು ಅಡಿ ಎಂಬ ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 125 ಆದರೂ ಬರಬೇಕು. ನನ್ನ 158 ಗ್ರೇನ್‌ನ ಗುಂಡು 830 ಅಡಿ ವೇಗದಲ್ಲಿ ಹೋಗುತ್ತದೆ, ಅಂದರೆ 131. ಈ ತೋಟಾಗಳಿಗೆ ಗ್ಯಾರೇಜಿನಲ್ಲಿ ನಾನೇ ಮದ್ದು ತುಂಬುತ್ತೇನೆ. ಮುಂದೆ ಹೋದ ಸ್ಪರ್ಧಿಗಳಲ್ಲಿ ಹಲವರು .38 ಶಾರ್ಟ್ ಕೋಲ್ಟ್ ಎಂಬ ಇನ್ನೂ ಗಿಡ್ಡ ಕೇಸನ್ನು ಬಳಸುತ್ತಾರೆ. ಗಿಡ್ಡ ಕೇಸುಗಳು ಗೂಡಿನಿಂದ ಒಂದೇ ತಟ್ಟಿಗೆ ಹೊರಬೀಳುತ್ತವೆ.

ಎಂಟು ತೋಟಾಗಳನ್ನು ಒಂದೊಂದಾಗಿ ತುಂಬುತ್ತಾ ಕುಳಿತರೆ ಸ್ಪರ್ಧೆ ಮುಗಿದೇ ಹೋಗುತ್ತದೆ. ಅದಕ್ಕಾಗಿ ಮೂನ್ ಕ್ಲಿಪ್ ಎಂಬ ತೆಳುವಾದ ಉಕ್ಕಿನ ತಟ್ಟೆಯಿದೆ. ಹೂವಿನ ಎಸಳುಗಳಂತೆ ಎಂಟು ಕಚ್ಚುಗಳಿದ್ದು, ಪ್ರತಿ ಕಚ್ಚಿನಲ್ಲಿ ಒಂದು ತೋಟಾ ಸಿಕ್ಕಿಕೊಂಡು, ಎಂಟೂ ಒಟ್ಟಿಗೆ ಒಳಗೆ ಹೋಗಿ ಒಟ್ಟಿಗೆ ಹೊರಬರುತ್ತವೆ. ಇದರ ಪೂರ್ವಜ ಹುಟ್ಟಿದ್ದು 1917ರಲ್ಲಿ, ಮೊದಲ ಮಹಾಯುದ್ಧದ ಪಿಸ್ತೂಲಿನ ತೋಟಾಗಳನ್ನು ರಿವಾಲ್ವರಿನಲ್ಲಿ ಬಳಸಬೇಕಾಗಿ ಬಂದಾಗ; ಆಗ ಒಂದೊಂದು ಕ್ಲಿಪ್ಪಿಗೆ ಮೂರು ತೋಟಾ. ಈ ತಟ್ಟೆ ಒಂದು ಮಿಲಿಮೀಟರಿಗಿಂತಲೂ ತೆಳ್ಳಗಿದೆ. ನನ್ನ ಎರಡನೇ ಸ್ಪರ್ಧೆಯಲ್ಲಿ ನೆಲಕ್ಕೆ ಬಿದ್ದ ಒಂದು ಕ್ಲಿಪ್ಪನ್ನು ಒರೆಸಿ ಮತ್ತೆ ಬೆಲ್ಟಿಗೆ ಸಿಕ್ಕಿಸಿಕೊಂಡಿದ್ದೆ. ಅದನ್ನು ತುಂಬಿ ಮೂರನೇ ಎಳೆತಕ್ಕೆ ಬಂದಾಗ ಸಿಲಿಂಡರ್ ಅಲ್ಲಾಡಲಿಲ್ಲ. ಯಾರೋ ಕಾಲಿಟ್ಟು ತುಳಿದಿದ್ದ ಆ ಕ್ಲಿಪ್ ಕಣ್ಣಿಗೆ ಕಾಣದಷ್ಟು ಬಾಗಿತ್ತು, ಬಾಗಿದ ಅಂಚು ಚೌಕಟ್ಟಿಗೆ ಉಜ್ಜಿ ನಿಂತಿತ್ತು. ಇಷ್ಟು ಚೊಕ್ಕವಾಗಿ ಜೋಡಿಸಿದ ಯಂತ್ರದಲ್ಲಿ ಹೆಚ್ಚುವರಿ ಜಾಗವೇ ಇರುವುದಿಲ್ಲ ಎಂಬುದು ಅಂದು ನನಗೆ ಅರ್ಥವಾಯಿತು. ಅಂದಿನಿಂದ ಪ್ರತಿ ಸ್ಪರ್ಧೆಯ ಹಿಂದಿನ ರಾತ್ರಿ ಎಲ್ಲ ಕ್ಲಿಪ್ಪುಗಳನ್ನೂ ಖಾಲಿಯಾಗಿ ಒಂದು ಗಾಜಿನ ಹಲಗೆಯ ಮೇಲಿಟ್ಟು ಬೆರಳಿನಿಂದ ಒತ್ತಿ ನೋಡುತ್ತೇನೆ. ಟಕ್ಕೆಂದು ಅಲ್ಲಾಡಿದ್ದು ಕಸದ ಬುಟ್ಟಿಗೆ ಹೋಗುತ್ತದೆ. ಆಮೇಲೆ ತುಂಬಿದ ಪ್ರತಿಯೊಂದನ್ನೂ ಗೂಡುಗಳಿಗೆ ಇಳಿಸಿ ನೋಡುತ್ತೇನೆ. ಖಾಲಿ ಕೇಸುಗಳನ್ನು ಹೊರಹಾಕುವಾಗ ನಳಿಗೆಯನ್ನು ಆಕಾಶಕ್ಕೆ ಎತ್ತಿ ಹಿಡಿಯುವುದನ್ನೂ ಕಲಿತೆ. ಓರೆಯಾಗಿ ಹಿಡಿದರೆ ಸುಡದೆ ಉಳಿದ ಮದ್ದಿನ ಕಣಗಳು, ಕೇಸುಗಳನ್ನು ಹೊರತಳ್ಳುವ ‘ನಕ್ಷತ್ರ’ ಎಂಬ ನಕ್ಷತ್ರಾಕಾರದ ತುಂಡಿನ ಕೆಳಗೆ ಸೇರಿಕೊಂಡು ಸಿಲಿಂಡರ್ ಮುಚ್ಚದಂತೆ ಮಾಡುತ್ತವೆ.

ಇನ್ನೊಂದು ತೊಂದರೆಯ ಮೂಲ ಹುಡುಕಲು ನನಗೆ ಎರಡು ತಿಂಗಳು ಹಿಡಿಯಿತು. ಎಂಟರಲ್ಲಿ ಒಂದು ತೋಟಾ ಸಿಡಿಯದೆ ಉಳಿಯುತ್ತಿತ್ತು, ಅದೂ ಯಾವಾಗಲೂ ಬೇರೆ ಬೇರೆ ಗೂಡಿನಲ್ಲಿ. ಕುದುರೆಯ ಹೊಡೆತಕ್ಕೆ ಕಿಡಿ ಹೊತ್ತಿಸುವ, ತೋಟಾದ ಹಿಂಬದಿಯ ಪ್ರೈಮರಿನ ಮೇಲೆ ಬಿದ್ದ ಗುರುತು ಆಳವಾಗಿರಲಿಲ್ಲ. ತೋಟಾ ಬದಲಿಸಿದೆ, ಪ್ರೈಮರ್ ಬದಲಿಸಿದೆ. ಕೊನೆಗೆ ಹಿಡಿಕೆಯನ್ನು ಬಿಚ್ಚಿ ನೋಡಿದರೆ, ಮುಖ್ಯ ಸ್ಪ್ರಿಂಗನ್ನು ಬಿಗಿಹಿಡಿಯುವ ತಿರುಪು ಎರಡು ಸುತ್ತು ಸಡಿಲವಾಗಿತ್ತು. ಟ್ರಿಗರ್ ಹಗುರವಾಗಲೆಂದು ಹಿಂದಿನ ಮಾಲೀಕರು ಅದನ್ನು ಬಿಚ್ಚಿದ್ದಿರಬೇಕು. ತಿರುಪನ್ನು ಪೂರ್ತಿ ಬಿಗಿಮಾಡಿದ ಮೇಲೆ ಒಂದೂ ತೋಟಾ ಹುಸಿ ಹೋಗಿಲ್ಲ, ಎಳೆತ ಹೆಚ್ಚು ಭಾರವಾಯಿತು ಎಂದೂ ನನಗನ್ನಿಸಲಿಲ್ಲ. ತಿರುಪು ಸಡಿಲಿಸಿ ಪಡೆಯುವ ಹಗುರತನ ಹಗುರತನವೇ ಅಲ್ಲವೆಂದು ನಾನು ಖಂಡಿತವಾಗಿ ಹೇಳಬಲ್ಲೆ. ತಾಗುವ ಭಾಗಗಳನ್ನು ನಯಮಾಡಿ ಪಡೆದದ್ದು ಮಾತ್ರ ಉಳಿಯುತ್ತದೆ.

ಫೀನಿಕ್ಸಿನ ಬೇಸಿಗೆಯಲ್ಲಿ ಇದೆಲ್ಲ ಬೆಳಗಿನ ಜಾವದಲ್ಲೇ ಮುಗಿಯಬೇಕು. 2023ರಲ್ಲಿ ಸತತ 31 ದಿನ ಇಲ್ಲಿನ ಉಷ್ಣಾಂಶ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಆ ತಿಂಗಳು ಬಿಸಿಲಿನಲ್ಲಿಟ್ಟ ಉಕ್ಕಿನ ರಿವಾಲ್ವರನ್ನು ಬರಿಗೈಯಲ್ಲಿ ಎತ್ತಲಾಗುತ್ತಿರಲಿಲ್ಲ. ಮನೆಗೆ ಬಂದೊಡನೆ ಮೊದಲು ಸೋಪು ಹಾಕಿ ತಣ್ಣೀರಿನಲ್ಲಿ ಕೈ ತೊಳೆದು ಸೀಸದ ಪುಡಿಯನ್ನು ಕಳೆದುಕೊಳ್ಳುತ್ತೇನೆ. ಆಮೇಲೆ ಗೂಡುಗಳನ್ನು ಒಂದೊಂದಾಗಿ ಉಜ್ಜಿ, ನಕ್ಷತ್ರದ ಕೆಳಗಿನ ಕರಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಸಿಲಿಂಡರಿನ ಅಚ್ಚಿಗೆ ಒಂದು ಹನಿ ಎಣ್ಣೆ ಬಿಡುತ್ತೇನೆ. ವರ್ಷಕ್ಕೊಮ್ಮೆ ಸಿಲಿಂಡರ್ ಹಿಂದೆ ಮುಂದೆ ಎಷ್ಟು ಜಗ್ಗುತ್ತದೆ ಎಂದು ಫೀಲರ್ ಗೇಜಿನಿಂದ ಅಳೆಯುತ್ತೇನೆ. ಕಳೆದ ವರ್ಷ ಅದು ಹೆಚ್ಚಾಗಿತ್ತು, ಅದಕ್ಕೆ ಅಚ್ಚಿನೊಳಗೆ 0.05 ಮಿಲಿಮೀಟರ್ ದಪ್ಪದ ಒಂದು ಉಕ್ಕಿನ ಬಿಲ್ಲೆಯನ್ನು ಕೂರಿಸಿದೆ. ಈಗ ನಳಿಗೆಗೂ ಸಿಲಿಂಡರಿಗೂ ನಡುವೆ 0.15 ಮಿಲಿಮೀಟರಿನ ಸಂದು ಇದೆ, ತಿರುಗಣೆ ಹೊಸದರಂತಿದೆ.

ಹೋದ ಭಾನುವಾರ ಅಪ್ಪ ಫೋನ್ ಮಾಡಿದಾಗ ನಾನು ಗೋಡೆಯ ಮುಂದೆ ಅಭ್ಯಾಸದಲ್ಲಿದ್ದೆ. ಅವರು ಏನು ಸದ್ದು ಎಂದು ಕೇಳಿದರು. ಹೇಳಿದೆ. "ಒಂದು ಸುತ್ತು ಮಾಡು, ಕೇಳ್ತೇನೆ" ಎಂದರು. ಫೋನನ್ನು ಮೇಜಿನ ಮೇಲಿಟ್ಟು, ನಾಣ್ಯವಿಟ್ಟು, ಎಂಟು ಎಳೆತಗಳನ್ನೂ ಮುಗಿಸಿದೆ, ನಾಣ್ಯ ಬೀಳಲಿಲ್ಲ. ಅತ್ತ ಸ್ವಲ್ಪ ಹೊತ್ತು ಮೌನವಿತ್ತು. ಆಮೇಲೆ ಅಪ್ಪ ಹೇಳಿದರು, "ಏಳನೇದು ಒಂಚೂರು ಅವಸರ ಆಯ್ತು, ಅಲ್ವಾ?"